ಜಾಮೀನು ನಿಂತವರು ಯಾರು?

ಉದ್ದದ ಬರಹ. ಪುರುಸೊತ್ತಿದ್ದಾಗ ಓದಿ, ಆದರೆ ಓದಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರಂತೂ ಖಂಡಿತ ಓದಿ.

ಕಳೆದ ವಾರ ಮುಸ್ಸಂಜೆ ಹೊತ್ತಿಗೆ ತ್ರಾಸಿಯ ನಮ್ಮ ಮನೆಗೆ ಒಬ್ಬ ತಾಯಿ ಬಂದರು. ಗೇರುಬೀಜದ ಫ್ಯಾಕ್ಟರಿಯಲ್ಲಿ ಕೆಲಸ ಅವರಿಗೆ. ಸಿಪ್ಪೆಯ ಎಣ್ಣೆ ಹತ್ತಿ ಹತ್ತಿ ಬೆರಳ ತುದಿ ಎಲ್ಲ ಕಪ್ಪು. ಆ ಬೆರಳಲ್ಲಿ ಮಗಳ ಮೊಬೈಲು ಹಿಡಿದುಕೊಂಡಿದ್ದರು. ಮಗಳು ಒಳಗೆ ಬರಲಿಲ್ಲ, ಜಗಲಿಯ ಕೆಳಗೆ ತಲೆ ತಗ್ಗಿಸಿ ನಿಂತಿದ್ದಳು. "ಇದ್ರಗೆ ಎಂತ ಬರ್ದಿರ್ ಅಂದೇಳಿ ಒಂದ್ಸಲ ಓದಿ ಹೇಳಿ ಅಣ್ಣಾ, ಇವ್ಳ್ ಬಾಯೇ ಬಿಡುದಿಲ್ಲ" ಅಂದರು.

ಓದಿದೆ. ಇಂಗ್ಲಿಷಿನಲ್ಲಿ ಹತ್ತು ಹನ್ನೆರಡು ಸಾಲಿನ ಮೇಲ್. ಮೊದಲ ವರ್ಷ ಮುಗಿದಾಗ ಸಿಜಿಪಿಎ ಐದಕ್ಕಿಂತ ಕಡಿಮೆ ಬಂದಿದೆ, ಇದು ಅಕಾಡೆಮಿಕ್ ವಾರ್ನಿಂಗ್, ಮುಂದಿನ ಸೆಮಿಸ್ಟರ್ ಪೂರ್ತಿ ಅಕಾಡೆಮಿಕ್ ಪ್ರೊಬೇಷನ್, ಅಷ್ಟರಲ್ಲಿ ಸುಧಾರಿಸದಿದ್ದರೆ ಸಂಸ್ಥೆ ಬಿಡಬೇಕಾಗುತ್ತದೆ. ಕೆಳಗೆ ಸಹಿ ಇಲ್ಲ, ಇದು ಕಂಪ್ಯೂಟರ್ ಕಳಿಸಿದ ಸಂದೇಶ ಅಂತ ಒಂದು ಸಾಲು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಜಿಲ್ಲೆಯ ಹೊರಗಿನ ದೊಡ್ಡ ಇಂಜಿನಿಯರಿಂಗ್ ಸಂಸ್ಥೆ, ನಮ್ಮ ಕೇರಿಯಿಂದ ಅಲ್ಲಿಗೆ ಹೋದ ಮೊದಲ ಹುಡುಗಿ ಇವಳು. ಸೀಟು ಸಿಕ್ಕಿದ ದಿನ ನಾವೇ ಬ್ಯಾನರ್ ಕಟ್ಟಿದ್ದೆವು.

"ತೆಗ್ದ್ ಹಾಕಿರಾ?" ಅಂತ ಆ ತಾಯಿ ಕೇಳಿದರು.

ಇಲ್ಲ ಅಕ್ಕ, ತೆಗೆದಿಲ್ಲ, ಇನ್ನೊಂದು ಅವಕಾಶ ಕೊಟ್ಟಿದ್ದಾರೆ ಅಂದೆ. ಅನ್ನುವಾಗಲೇ ನನಗೆ ನನ್ನ ಅಪ್ಪಯ್ಯನ ನೆನಪಾಯಿತು.

1992. ನಾನು ಬಿ.ಕಾಂ. ಮೊದಲ ವರ್ಷ. ಆಗಲೂ ಒಂದು ಕಾಗದ ಬಂದಿತ್ತು, ಅಂಚೆಯಲ್ಲಿ. ಮಳೆಗಾಲದ ನಟ್ಟಿ ಹೊತ್ತಿಗೆ ಅಪ್ಪಯ್ಯನ ಜೊತೆ ಗದ್ದೆ ಕೆಲಸಕ್ಕೆ ಹೋಗಿ ಹಾಜರಿ ಬಿದ್ದುಹೋಗಿತ್ತು, ಇಂಗ್ಲಿಷು ಕಿರುಪರೀಕ್ಷೆಯಲ್ಲಿ ಒಂದಂಕಿ ದಾಟಿರಲಿಲ್ಲ. ಅಪ್ಪಯ್ಯನಿಗೆ ಓದು ಬರುವುದಿಲ್ಲ. ಕಾಗದ ಹಿಡಿದುಕೊಂಡು ಅಂಗಡಿಗೆ ಹೋದರು. ಅಂಗಡಿಯವರು ಅಕ್ಕಿಗೆ, ಸೀಮೆಎಣ್ಣೆಗೆ ನಿಂತಿದ್ದ ಅಷ್ಟೂ ಜನರ ಎದುರು ಜೋರಾಗಿ ಓದಿ, ಅರ್ಥ ಹೇಳಿದರಂತೆ: "ನಿನ್ ಮಗನ್ನ ಕಾಲೇಜಿಂದ ಹೊರಗ್ ಹಾಕಿರ್." ಅಪ್ಪಯ್ಯ ಮನೆಗೆ ಬಂದು ಏನೂ ಹೇಳಲಿಲ್ಲ. ಮರುದಿನ ಬೊಂಬಾಯಿಯ ಹೋಟೆಲಿನಲ್ಲಿದ್ದ ನೆಂಟರೊಬ್ಬರಿಗೆ ಫೋನು ಮಾಡಿಸಿ ನನಗೊಂದು ಕೆಲಸ ಗೊತ್ತು ಮಾಡಿದರು. ಕುಂದಾಪುರದ ಕಡೆಯವರಿಗೆ ಹೇಳಬೇಕಾಗಿಲ್ಲ, ಫೇಲಾದ ಹುಡುಗರೆಲ್ಲ ಹತ್ತುತ್ತಿದ್ದದ್ದು ಒಂದೇ ಬಸ್ಸು.

ಕಾಗದದಲ್ಲಿ ಹಾಗೆ ಬರೆದೇ ಇರಲಿಲ್ಲ. ಅದನ್ನು ಸರಿಯಾಗಿ ಓದಿದವರು ನನಗೆ ಪ್ರೈಮರಿಯಲ್ಲಿ ಕಲಿಸಿದ, ಆಗಲೇ ರಿಟೈರ್ ಆಗಿದ್ದ ಮಾಷ್ಟ್ರು. ನಮ್ಮ ಜಾತಿಯವರಲ್ಲ. ವಿಷಯ ಕಿವಿಗೆ ಬಿದ್ದು ತಾವಾಗಿ ಕೇರಿಗೆ ನಡೆದು ಬಂದರು. ಕಾಗದ ತೆಗೆದುಕೊಂಡು ಎರಡು ಸಲ ಓದಿ, "ಇದು ಎಚ್ಚರಿಕೆ ಮಾತ್ರ ಮಾರಾಯ, ಕಂಡೋನೇಷನ್ ಫೀ ಕಟ್ಟಿದ್ರೆ ಪರೀಕ್ಷೆಗೆ ಕೂರೂಕಾತ್" ಅಂದರು. ಫೀ ಅವರೇ ಕಟ್ಟಿದರು. ಆಮೇಲೆ ನಾಲ್ಕು ತಿಂಗಳು, ಸಂಜೆ ಆರರಿಂದ ಏಳೂವರೆ, ಶಾಲೆಯ ಜಗಲಿ ಮೇಲೆ ನನ್ನ ಪಕ್ಕ ಕೂತು ಇಂಗ್ಲಿಷು ಓದಿಸಿದರು. 38 ಬಂತು. ಇವತ್ತು ನಾನು ಇದನ್ನು ಬರೆಯುತ್ತಿರುವುದು ಆ 38ರಿಂದ.

ಹುಡುಗಿಯ ಮೊಬೈಲಿನಲ್ಲಿದ್ದ ಆ 'ಪ್ರೊಬೇಷನ್' ಅನ್ನುವ ಪದ ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ನಮಗೆ ಅದು ಗೊತ್ತಿರುವುದು ಸರ್ಕಾರಿ ನೌಕರಿಯಿಂದ, ಇನ್ನು ಕೋರ್ಟಿನಿಂದ. 1958ರ ಕಾಯ್ದೆ ಒಂದಿದೆ. ಸಣ್ಣ ಅಪರಾಧ ಮಾಡಿದವರನ್ನು ಜೈಲಿಗೆ ಹಾಕದೆ ಪರಿವೀಕ್ಷಣೆಯಲ್ಲಿ ಬಿಡುವುದು. ಕೋರ್ಟಿನ ಈ ಪದ್ಧತಿ ಎಲ್ಲಿ ಶುರುವಾಯಿತು ಅಂತ ಹುಡುಕುತ್ತ ಹೋದರೆ ಸಿಗುವವನು ಒಬ್ಬ ಬೂಟು ಮಾಡುವವ! ಹೆಸರು ಜಾನ್ ಅಗಸ್ಟಸ್, ಊರು ಅಮೆರಿಕದ ಬಾಸ್ಟನ್. 1841ರಲ್ಲಿ ಕೋರ್ಟಿನಲ್ಲಿ ಕೂತಿದ್ದಾಗ ಒಬ್ಬ ಕುಡುಕನನ್ನು ತಂದು ನಿಲ್ಲಿಸಿದರು, ಇನ್ನೇನು ಜೈಲಿಗೆ ಕಳಿಸಬೇಕು. ಅಗಸ್ಟಸ್ ಎದ್ದು ನಿಂತು, ಇವನಿಗೆ ನಾನು ಜಾಮೀನು ಅಂದ. ಮೂರು ವಾರ ಬಿಟ್ಟು ಅವನನ್ನೇ ಮತ್ತೆ ಕೋರ್ಟಿಗೆ ಕರೆತಂದಾಗ ಆಸಾಮಿ ಗುರುತು ಸಿಗದಷ್ಟು ಬದಲಾಗಿದ್ದ. ನ್ಯಾಯಾಧೀಶರು ಒಂದು ಸೆಂಟ್ ದಂಡ ಮತ್ತು ಕೋರ್ಟು ಖರ್ಚು ಹಾಕಿ ಬಿಟ್ಟರು. 1859ರಲ್ಲಿ ಸಾಯುವವರೆಗೆ ಅಗಸ್ಟಸ್ ಹೀಗೆ ಸುಮಾರು 2000 ಜನರಿಗೆ ಜಾಮೀನು ನಿಂತ. ಊಟ ಹಾಕಿದ, ಕೆಲಸ ಹುಡುಕಿಕೊಟ್ಟ, ತನ್ನ ಬೂಟಿನ ವ್ಯಾಪಾರ ಹಾಳು ಮಾಡಿಕೊಂಡ. (ಅಲ್ಲಿ ಬೂಟು ಮಾಡುವುದು ಕಸುಬು. ಇಲ್ಲಾದರೆ ಅವನನ್ನು ಕೋರ್ಟಿನ ಒಳಗೇ ಬಿಡುತ್ತಿರಲಿಲ್ಲ, ಇರಲಿ.)

ಅಂದರೆ ಅಲ್ಲಿ ಮೊದಲು ಬಂದದ್ದು ಪಕ್ಕದಲ್ಲಿ ನಿಲ್ಲುವ ಮನುಷ್ಯ. ಕಾಗದ, ಗಡುವು, ಶರತ್ತು ಎಲ್ಲ ಆಮೇಲಿನವು. ನಮ್ಮ ಕಾಲೇಜುಗಳಿಗೆ ಪದ ಬಂತು, ಗಡುವು ಬಂತು. ಆ ಮನುಷ್ಯ ಬರಲಿಲ್ಲ.

ನಮ್ಮವರ ಓದಿನ ಚರಿತ್ರೆ ನೋಡಿದರೂ ಇದೇ ಕಥೆ. ಎಚ್ಚರಿಕೆ ಕೊಡುವುದಿರಲಿ, ಒಂದು ಕಾಲಕ್ಕೆ ಒಳಗೇ ಬಿಟ್ಟಿರಲಿಲ್ಲವಲ್ಲ. 1856ರ ಜೂನ್‌ನಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಮಹಾರ್ ಸಮುದಾಯದ ಒಬ್ಬ ಹುಡುಗ ಅರ್ಜಿ ಹಾಕಿದ. ಸೇರಿಸಿಕೊಳ್ಳಲಿಲ್ಲ. ಬಾಂಬೆ ಸರ್ಕಾರದವರೆಗೆ ಹೋಯಿತು ವಿಷಯ. ಒಬ್ಬ ಹುಡುಗನಿಗೋಸ್ಕರ ಉಳಿದವರನ್ನೆಲ್ಲ ಎದುರು ಹಾಕಿಕೊಂಡರೆ ಶಾಲೆಯೇ ಖಾಲಿಯಾದೀತು ಅಂತ ಸರ್ಕಾರ ಕೈ ತೊಳೆದುಕೊಂಡಿತು. ಮೇಲಿನ ಸರ್ಕಾರ ಇದನ್ನು ಒಪ್ಪಲಿಲ್ಲ, ಕಂಪನಿಯ ಡೈರೆಕ್ಟರುಗಳೂ ಜಾತಿ ನೋಡಿ ತಡೆಯಬಾರದು ಅಂತ ಬರೆದರು. ಆ ಹುಡುಗನ ಹೆಸರು ಯಾವ ದಾಖಲೆಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅವನ ಅರ್ಜಿಯಿಂದ ನಿಯಮ ಬದಲಾಯಿತು. ಅವನ ಪಕ್ಕದಲ್ಲಿ ನಿಲ್ಲುವವರು ಊರಲ್ಲಿ ಇದ್ದಿದ್ದರೆ ಅವನ ಕಥೆಯೂ ಬದಲಾಗುತ್ತಿತ್ತೋ ಏನೋ.

ನಮ್ಮ ಕರಾವಳಿಯಲ್ಲಿ ಅಂಥವರೊಬ್ಬರು ಇದ್ದರು, ಕುದ್ಮುಲ್ ರಂಗರಾಯರು. ಸಾರಸ್ವತ ಬ್ರಾಹ್ಮಣರು, ವಕೀಲರು. 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ನಮ್ಮ ಮಕ್ಕಳಿಗೆ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಅವರನ್ನು ಅವರ ಜಾತಿಯವರೇ ಬಹಿಷ್ಕಾರ ಹಾಕಿದ್ದನ್ನು ಎಲ್ಲರೂ ಭಾಷಣದಲ್ಲಿ ಹೇಳುತ್ತಾರೆ. ನಾನು ಹೇಳಬೇಕೆಂದಿರುವುದು ಬೇರೆ. ಮಕ್ಕಳು ಶಾಲೆಗೆ ಬರುತ್ತಿಲ್ಲ ಅಂದಾಗ ಅವರು ನೋಟಿಸು ಬರೆಯಲಿಲ್ಲ. ಯಾಕೆ ಬರುತ್ತಿಲ್ಲ ಅಂತ ನೋಡಿದರು. ಹೊಟ್ಟೆಗಿಲ್ಲದೆ ಬರುತ್ತಿರಲಿಲ್ಲ. ಮಧ್ಯಾಹ್ನದ ಊಟ ಹಾಕಿಸಿದರು. ದೂರದಿಂದ ಬರುವವರಿಗೆ ಉಳಿಯುವ ವ್ಯವಸ್ಥೆ ಮಾಡಿದರು. ಸರ್ಕಾರದ ಬಿಸಿಯೂಟ ಬರಲು ಇನ್ನೂ ನೂರು ವರ್ಷ ಇತ್ತು.

ಈಗ ಬಾಬಾಸಾಹೇಬರ ವಿಷಯಕ್ಕೆ ಬರುತ್ತೇನೆ. ಗೋಡೆ ಮೇಲೆ ಫೋಟೋ ಇಟ್ಟು ಕೆಳಗೆ ಅವರ ಡಿಗ್ರಿಗಳ ಪಟ್ಟಿ ಬರೆಯುತ್ತೇವೆ ನಾವು. ಎಂ.ಎ., ಪಿಎಚ್.ಡಿ., ಡಿ.ಎಸ್ಸಿ., ಬಾರಿಸ್ಟರ್. ಮಕ್ಕಳು ಅದನ್ನು ನೋಡಿ, ಅವರು ಹುಟ್ಟುವಾಗಲೇ ಫಸ್ಟ್ ಕ್ಲಾಸು, ನಮ್ಮಿಂದಾಗುವುದಲ್ಲ ಅಂದುಕೊಳ್ಳುತ್ತವೆ. ಜಗಲಿ ಕೆಳಗೆ ನಿಂತಿದ್ದ ಹುಡುಗಿಯನ್ನು ಒಳಗೆ ಕರೆದು ನಾನು ಮೊದಲು ಹೇಳಿದ್ದು ಒಂದು ಸಂಖ್ಯೆ. 282. ಬಾಬಾಸಾಹೇಬರು 1907ರ ಮೆಟ್ರಿಕ್ಯುಲೇಷನ್ನಿನಲ್ಲಿ 750ಕ್ಕೆ ತೆಗೆದದ್ದು 282 ಅಂಕ. ಲೆಕ್ಕ ಹಾಕು ಅಂದೆ. ಹಾಕಿದಳು, ಶೇ 37.6. ಮೊದಲ ಸಲ ಮುಖ ಎತ್ತಿದಳು.

ಆ 282ಕ್ಕೆ ಅವರ ಜನ ಸಭೆ ಮಾಡಿ ಸನ್ಮಾನ ಮಾಡಿದರು. ಆ ಸಭೆಯಲ್ಲಿ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಅನ್ನುವ ಮೇಷ್ಟರು ತಾವು ಬರೆದ ಬುದ್ಧನ ಚರಿತ್ರೆಯನ್ನು ಹುಡುಗನ ಕೈಗೆ ಕೊಟ್ಟರು. ಪುಸ್ತಕದ ಕಥೆ ಎಲ್ಲರಿಗೂ ಗೊತ್ತು. ಕೇಳುಸ್ಕರ್ ಅಲ್ಲಿಗೇ ನಿಲ್ಲಲಿಲ್ಲ. ಇಂಟರ್ ಮುಗಿದು ದುಡ್ಡಿಲ್ಲದೆ ಓದು ನಿಲ್ಲುವ ಹೊತ್ತಿಗೆ ಬರೋಡದ ಸಯಾಜಿರಾವ್ ಮಹಾರಾಜರ ಬಳಿ ಮಾತಾಡಿಸಿ ತಿಂಗಳಿಗೆ 25 ರೂಪಾಯಿ ಸ್ಕಾಲರ್‌ಶಿಪ್ ಕೊಡಿಸಿದರು. 282 ಅಂಕದ ಹುಡುಗನಿಗೆ ಜಾಮೀನು ನಿಂತವರು ಅವರು.

ಮುಂದೆಯೂ ಅಷ್ಟೇ. 1916ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಮರುವರ್ಷ ಬರೋಡದ ಸ್ಕಾಲರ್‌ಶಿಪ್ ಅವಧಿ ಮುಗಿಯಿತು, ವಾಪಸ್ ಬನ್ನಿ ಅಂದರು. ಕೋರ್ಸು ಅರ್ಧಕ್ಕೆ ನಿಂತಿತು. ಇವತ್ತಿನ ನಮ್ಮ ಪೋರ್ಟಲ್ ಭಾಷೆಯಲ್ಲಿ 'ಡಿಸ್‌ಕಂಟಿನ್ಯೂಡ್'. ಆದರೆ ಲಂಡನ್ ವಿಶ್ವವಿದ್ಯಾಲಯ ಬಾಗಿಲು ಹಾಕಲಿಲ್ಲ. ನಾಲ್ಕು ವರ್ಷದ ಒಳಗೆ ಬಂದು ಮುಂದುವರಿಸಬಹುದು ಅಂತ ಅನುಮತಿ ಕೊಟ್ಟಿತು. ಆ ನಾಲ್ಕು ವರ್ಷದಲ್ಲಿ ಏನೇನಾಯಿತು! ಬರೋಡದಲ್ಲಿ ಕೆಲಸಕ್ಕೆ ಸೇರಿದರೆ ಜವಾನ ಫೈಲು ದೂರದಿಂದ ಎಸೆಯುತ್ತಿದ್ದ. ಉಳಿದುಕೊಂಡಿದ್ದ ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ಮುಂಬೈನ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಮಾಡಿ ದುಡ್ಡು ಕೂಡಿಟ್ಟರು. ಗೆಳೆಯ ನವಲ್ ಭಥೇನಾ ಸಾಲ ಕೊಟ್ಟರು, ಕೊಲ್ಹಾಪುರದ ಶಾಹು ಮಹಾರಾಜರು ನೆರವಾದರು. 1920ರಲ್ಲಿ ವಾಪಸ್ ಹೋಗಿ 1921ರಲ್ಲಿ ಎಂ.ಎಸ್ಸಿ. ಮುಗಿಸಿದರು. ಡಿ.ಎಸ್ಸಿ. ಪ್ರಬಂಧ ಒಂದೇ ಸಲಕ್ಕೆ ಪಾಸಾಗಲಿಲ್ಲ, ತಿದ್ದಿ ಮತ್ತೆ ಕೊಡಿ ಅಂದರು. ತಿದ್ದಿ ಕೊಟ್ಟರು, 1923ರಲ್ಲಿ ಪದವಿ ಬಂತು. ಮುಂದೆ ರೂಪಾಯಿಯ ಸಮಸ್ಯೆ ಕುರಿತ ಪ್ರಸಿದ್ಧ ಪುಸ್ತಕವಾದದ್ದು ಇದೇ ಪ್ರಬಂಧ. ಜಗತ್ತಿನ ದೊಡ್ಡ ವಿದ್ವಾಂಸರಲ್ಲಿ ಒಬ್ಬರಿಗೂ 'ರೀಸಬ್ಮಿಟ್' ಬಂದಿತ್ತು ಅನ್ನುವುದನ್ನು ನಾವು ನಮ್ಮ ಮಕ್ಕಳಿಗೆ ಯಾಕೆ ಹೇಳುವುದಿಲ್ಲ?

ಇದೆಲ್ಲ ಅನುಭವಿಸಿದವರಾದ್ದರಿಂದ 1927ರಲ್ಲಿ ಬಾಂಬೆ ಶಾಸನ ಪರಿಷತ್ತಿನಲ್ಲಿ ವಿಶ್ವವಿದ್ಯಾಲಯ ತಿದ್ದುಪಡಿ ಮಸೂದೆ ಬಂದಾಗ ಅವರು ಎದ್ದು ನಿಂತು ಮಾತಾಡಿದ್ದು ಪರೀಕ್ಷೆಯ ಬಗ್ಗೆ. ಅವರ ಮಾತಿನ ಸಾರ ಇಷ್ಟು: ಶಿಕ್ಷಣ ಬೇರೆ, ಪರೀಕ್ಷೆ ಬೇರೆ. ಶಿಕ್ಷಣದ ಮಟ್ಟ ಎತ್ತರಿಸುತ್ತೇವೆ ಅನ್ನುತ್ತ ನೀವು ಎತ್ತರಿಸುತ್ತಿರುವುದು ಪರೀಕ್ಷೆಯ ಕಾಠಿಣ್ಯವನ್ನು, ಇದರಿಂದ ಈಗಷ್ಟೇ ಬಾಗಿಲಿಗೆ ಬಂದ ಹಿಂದುಳಿದ ಸಮುದಾಯಗಳು ಹೊರಗೇ ಉಳಿಯುತ್ತಿವೆ. ಸುಮಾರು ನೂರು ವರ್ಷವಾಯಿತು ಈ ಮಾತಿಗೆ. ಮಟ್ಟ, ಸ್ಟ್ಯಾಂಡರ್ಡ್, ಮೆರಿಟ್ ಅಂತ ಈಗಲೂ ಕಮೆಂಟ್ ಹಾಕುವವರು ಇದನ್ನು ಒಮ್ಮೆ ಓದಬೇಕು.

ಅವರು ಮಾತಾಡಿ ಸುಮ್ಮನೆ ಕೂರಲಿಲ್ಲ. 1928ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಕಟ್ಟಿ ಹೈಸ್ಕೂಲು ಹುಡುಗರಿಗೆ ಹಾಸ್ಟೆಲುಗಳನ್ನು ತೆರೆದರು. ಅದರಲ್ಲೊಂದು ಧಾರವಾಡದಲ್ಲಿ. 1856ರ ಹುಡುಗ ವಾಪಸ್ ಹೋದ ಅದೇ ಊರು. 1944ರಲ್ಲಿ ಅವರು ವೈಸರಾಯ್ ಮಂಡಳಿಯಲ್ಲಿದ್ದಾಗ ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ ಶುರುವಾಯಿತು. ನಾನು ಓದಿದ್ದು ಅದರಲ್ಲೇ, ನೀವೂ ಅದರಲ್ಲೇ.

ಆದರೆ ಆ ಸ್ಕಾಲರ್‌ಶಿಪ್ ನಿಯಮದಲ್ಲೇ ಒಂದು ಮುಳ್ಳು ಇದೆ. ಪ್ರಗತಿ ತೃಪ್ತಿಕರ ಇರಬೇಕು, ಹಾಜರಿ ಸರಿ ಇರಬೇಕು. ವೈದ್ಯಕೀಯ, ಇಂಜಿನಿಯರಿಂಗಿನಂಥ ಕೋರ್ಸಿನವರು ಮೊದಲ ಸಲ ಫೇಲಾದರೆ ಮುಂದುವರಿಸಬಹುದು. ಎರಡನೇ ಸಲ ಆದರೆ ಮುಂದಿನ ತರಗತಿಗೆ ಹೋಗುವವರೆಗೆ ಖರ್ಚು ವಿದ್ಯಾರ್ಥಿಯದೇ. ಕೇಳಲಿಕ್ಕೆ ನ್ಯಾಯ ಅನ್ನಿಸುತ್ತದೆ. ಅನುಕೂಲಸ್ಥರ ಮಗ ಫೇಲಾದರೆ ಹೋಗುವುದು ಒಂದು ವರ್ಷ. ನಮ್ಮ ಮಕ್ಕಳು ಫೇಲಾದರೆ ವರ್ಷದ ಜೊತೆ ಸ್ಕಾಲರ್‌ಶಿಪ್ ಹೋಗುತ್ತದೆ, ಅದರ ಹಿಂದೆ ಹಾಸ್ಟೆಲ್ ಸೀಟು ಹೋಗುತ್ತದೆ, ಅದರ ಹಿಂದೆ ಊಟ. ಅತಿ ಹೆಚ್ಚು ಆಸರೆ ಬೇಕಾದ ದಿನವೇ ಎಲ್ಲ ಆಸರೆ ಒಟ್ಟಿಗೆ ಕಳಚುತ್ತದೆ.

2008ರ ಫೆಬ್ರವರಿಯಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಸೆಂಥಿಲ್ ಕುಮಾರ್ ಸತ್ತದ್ದು ಹೀಗೆ. ತಮಿಳುನಾಡಿನ ಸೇಲಂ ಕಡೆಯ ಹುಡುಗ, ಹಂದಿ ಸಾಕುವ ಪನ್ನಿಯಾಂಡಿ ಸಮುದಾಯ, ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಗೈಡ್ ಸಿಕ್ಕಿರಲಿಲ್ಲ, ಕೋರ್ಸ್‌ವರ್ಕ್‌ನಲ್ಲಿ ಒಂದು ವಿಷಯ ಬಾಕಿ ಉಳಿದಿತ್ತು, ಫೆಲೋಶಿಪ್ ನಿಲ್ಲುವ ಸ್ಥಿತಿ. ಆಮೇಲೆ ತನಿಖೆಗೆ ಸಮಿತಿ ಮಾಡಿದರು. ನಿಯಮಗಳೇ ಗೊಂದಲ, ಅದರ ಪೆಟ್ಟು ಬಿದ್ದದ್ದು ಮೀಸಲಾತಿಯ ವಿದ್ಯಾರ್ಥಿಗಳಿಗೆ ಅಂತ ಸಮಿತಿಯೇ ಹೇಳಿತು. ಅದಕ್ಕೂ ಒಂದು ವರ್ಷ ಮೊದಲು, 2007ರಲ್ಲಿ, ದೆಹಲಿಯ ಏಮ್ಸ್ ಬಗ್ಗೆ ಸುಖದೇವ್ ಥೋರಟ್ ಸಮಿತಿ ವರದಿ ಕೊಟ್ಟಿತ್ತು. ಪಾಠ ಹೇಳುವವರಿಂದ ತಮಗೆ ಬೇಕಾದ ನೆರವು ಸಿಗುತ್ತಿಲ್ಲ ಅಂತ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಆ ಸಮಿತಿಗೆ ಹೇಳಿದ್ದರು.

2015ರಲ್ಲಿ ಐಐಟಿ ರೂರ್ಕಿ ಮೊದಲ ವರ್ಷದ 70ಕ್ಕೂ ಹೆಚ್ಚು ಮಕ್ಕಳನ್ನು ಒಟ್ಟಿಗೆ ಹೊರಗೆ ಹಾಕಿತು. ಕಾರಣ ಅದೇ, ಸಿಜಿಪಿಎ ಐದಕ್ಕಿಂತ ಕಡಿಮೆ. ಬಹುಪಾಲು ಮಕ್ಕಳು ಮೀಸಲಾತಿಯವರು. ಹೈಕೋರ್ಟಿಗೆ ಹೋದರು, ಅಲ್ಲಿ ಸೋತರು. ದೇಶದಲ್ಲೆಲ್ಲ ಸುದ್ದಿಯಾದ ಮೇಲೆ ಸಂಸ್ಥೆಯೇ ಮನಸ್ಸು ಬದಲಿಸಿ ಇನ್ನೊಂದು ಅವಕಾಶ ಕೊಟ್ಟಿತು. ಇಲ್ಲಿ ಗಮನಿಸಿ, ಕಾನೂನು ಗೆಲ್ಲಿಸಲಿಲ್ಲ, ಜನ ಪಕ್ಕ ನಿಂತದ್ದರಿಂದ ಆಯಿತು.

2023ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಕೇಂದ್ರ ಸಚಿವರು ಕೊಟ್ಟ ಲೆಕ್ಕ: ಐದು ವರ್ಷದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ, ಐಐಟಿ, ಐಐಎಂಗಳನ್ನು ಅರ್ಧಕ್ಕೆ ಬಿಟ್ಟ ಎಸ್‌ಸಿ, ಎಸ್‌ಟಿ, ಒಬಿಸಿ ವಿದ್ಯಾರ್ಥಿಗಳು 13,626. ಐಐಟಿಗಳಲ್ಲಿ ಎಸ್‌ಸಿ ಮಕ್ಕಳು 1,068, ಎಸ್‌ಟಿ ಮಕ್ಕಳು 408. ಬೇರೆ ಕಡೆ ಅವಕಾಶ ಸಿಕ್ಕಿ ಹೋದವರೂ ಇದ್ದಾರೆ ಅಂದರು ಸಚಿವರು. ಇರಬಹುದು. ಇವರಲ್ಲಿ ಎಷ್ಟು ಜನರ ಮೊಬೈಲಿಗೆ ಈ ಹನ್ನೆರಡು ಸಾಲಿನ ಮೇಲ್ ಬಂದಿತ್ತು ಅಂತ ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ನಮ್ಮ ರಾಜ್ಯದ ಕಥೆ ಬೇರೆಯೇನಲ್ಲ, ಪದ ಮಾತ್ರ ಬೇರೆ. ಇಲ್ಲಿ ಪ್ರೊಬೇಷನ್ ಅನ್ನುವುದಿಲ್ಲ. ಶಾರ್ಟೇಜ್, ಡಿಟೇನ್, ಬ್ಯಾಕ್‌ಲಾಗ್, ಇಯರ್ ಬ್ಯಾಕ್. 1998ರಲ್ಲಿ ಬೆಳಗಾವಿಯಲ್ಲಿ ವಿಟಿಯು ಶುರುವಾದ ಮೇಲೆ ಹಳ್ಳಿ ಹಳ್ಳಿಯ ಹುಡುಗರೂ ಇಂಜಿನಿಯರಿಂಗಿಗೆ ಹೋದರು, ಹಾಗೆಯೇ 'ಇಯರ್ ಬ್ಯಾಕ್' ಅನ್ನುವುದು ಮನೆಮಾತಾಯಿತು. ನಮ್ಮ ಕೇರಿಗಳಲ್ಲಿ ಅದಕ್ಕೆ ಇನ್ನೊಂದು ಅರ್ಥ ಇದೆ: ಹುಡುಗ ಬೆಂಗಳೂರಿನ ಬೇಕರಿಯಲ್ಲಿದ್ದಾನೆ.

ಹಾಗಾದರೆ ಓದದವರನ್ನೂ ಪಾಸು ಮಾಡಬೇಕಾ ಅಂತ ಕೇಳುವವರು ಬರುತ್ತಾರೆ, ಗೊತ್ತು. ಬೇಡ ಮಾರಾಯ್ರೆ. ಸೇತುವೆ ಕಟ್ಟುವವನಿಗೆ ಗಣಿತ ಬರಲೇಬೇಕು. ಎಚ್ಚರಿಕೆಯ ಕಾಗದವೂ ಬೇಡ ಅನ್ನುವವನಲ್ಲ ನಾನು. ಸಮಯಕ್ಕೆ ಬಂದರೆ ಅದು ಒಳ್ಳೆಯದೇ. ಆದರೆ ಕಾಗದದಲ್ಲಿ ಒಬ್ಬ ಮನುಷ್ಯನ ಹೆಸರು ಇರಲಿ, ಇಂಥ ದಿನ ಇಂಥ ಹೊತ್ತಿಗೆ ಬಾ, ಕೂತು ಮಾತಾಡೋಣ ಅಂತ ಇರಲಿ. ಯುಜಿಸಿ ರೆಮಿಡಿಯಲ್ ಕೋಚಿಂಗಿಗೆ ಯೋಜನೆ ಮಾಡಿದ್ದಿದೆ, 2012ರಲ್ಲಿ ಸಮಾನತೆಯ ನಿಯಮಾವಳಿಯನ್ನೂ ತಂದಿದೆ. ಈ ಹುಡುಗಿಗೆ ಅದರ ಸುಳಿವೇ ಇರಲಿಲ್ಲ. ವರ್ಷವಿಡೀ ಅವಳ ಹತ್ತಿರ ಒಬ್ಬ ಅಧ್ಯಾಪಕರೂ ಕೂತು ಮಾತಾಡಿಲ್ಲ. ಇನ್ನೊಂದು ಮಾತು ಹೇಳಬೇಕು, ನಮ್ಮ ತಪ್ಪೂ ಇದೆ. ಸೀಟು ಸಿಕ್ಕಿದ ದಿನ ಬ್ಯಾನರ್ ಕಟ್ಟಿದ ನಾವು, ಹೋದ ಮೇಲೆ ಹೇಗಿದ್ದೀ ಅಂತ ಒಂದು ಫೋನು ಮಾಡಿರಲಿಲ್ಲ. ನಾನು ಮಾಡಿರಲಿಲ್ಲ.

ಆ ರಾತ್ರಿ ಕೂತು ಅವಳ ಮಾರ್ಕ್ಸ್ ಕಾರ್ಡ್ ನೋಡಿದೆವು. ಬಿದ್ದದ್ದು ಗಣಿತ ಮತ್ತು ಪ್ರೋಗ್ರಾಮಿಂಗ್. ಹತ್ತರವರೆಗೆ ಕನ್ನಡ ಮಾಧ್ಯಮ. ಕ್ಲಾಸಿನಲ್ಲಿ ಮೊದಲ ದಿನವೇ ನಿಮಗೆಲ್ಲ ಕೋಡಿಂಗ್ ಗೊತ್ತಲ್ಲ ಅಂದರಂತೆ. ಇವಳು ಕಂಪ್ಯೂಟರ್ ಮುಟ್ಟಿದ್ದೇ ಅಲ್ಲಿಗೆ ಹೋದ ಮೇಲೆ. ಲ್ಯಾಬಿನಲ್ಲಿ ಡೌಟ್ ಕೇಳಿದರೆ ಪಕ್ಕದವರು ಅವಳ ರ‍್ಯಾಂಕ್ ಕೇಳುತ್ತಿದ್ದರಂತೆ. ಆಮೇಲೆ ಕೇಳುವುದನ್ನೇ ಬಿಟ್ಟಳು.

ಮೇಲ್‌ಗೆ ಒಂದು ಉತ್ತರ ಬರೆದೆವು. ಮುಂದಿನ ಸೆಮಿಸ್ಟರ್ ಎರಡು ವಿಷಯ ಕಡಿಮೆ ತೆಗೆದುಕೊಳ್ಳಲು ಅನುಮತಿ ಬೇಕು, ಫ್ಯಾಕಲ್ಟಿ ಅಡ್ವೈಸರ್ ಯಾರು ಅಂತ ಹೆಸರು ತಿಳಿಸಿ, ಎಸ್‌ಸಿ-ಎಸ್‌ಟಿ ಸೆಲ್‌ಗೂ ಪ್ರತಿ ಹೋಗಿದೆ ಅಂತ. ಅವಳದೇ ಇಂಗ್ಲಿಷ್, ನಾನು ಅಲ್ಲಲ್ಲಿ ಒಂದೆರಡು ಪದ ತಿದ್ದಿದೆ ಅಷ್ಟೆ. ಕಳಿಸುವ ಮೊದಲು ಅವಳ ತಾಯಿ, ಕನ್ನಡದಗೂ ಒಂದ್ಸಲ ಹೇಳ್ ಅಂದರು. ಅವಳು ಒಂದೊಂದೇ ಸಾಲು ಹೇಳಿದಳು. ತಾಯಿ ಕೇಳಿ, "ಹೌದ್, ಹಂಗೇ ಬರಿ" ಅಂದರು.

ಉತ್ತರ ಇನ್ನೂ ಬಂದಿಲ್ಲ. ಬಂದ ದಿನ ಇಲ್ಲೇ ಬರೆಯುತ್ತೇನೆ.

ಈ ಪೋಸ್ಟ್ ಓದುವವರಲ್ಲಿ ಕುಂದಾಪುರದಿಂದ ಬೈಂದೂರಿನ ಒಳಗೆ ಇಂಜಿನಿಯರಿಂಗ್ ಗಣಿತ ಕಲಿಸಬಲ್ಲವರು ಯಾರಾದರೂ ಇದ್ದರೆ, ಸೆಮಿಸ್ಟರ್ ಶುರುವಾಗಲು ಐದು ವಾರ ಇದೆ. ದಿನಕ್ಕೆ ಒಂದು ಗಂಟೆ ಸಾಕು. ಜಾಗ ನಮ್ಮ ಮನೆಯ ಜಗಲಿ, ಚಾ ನಮ್ಮದು. ಇನ್‌ಬಾಕ್ಸಿಗೆ ಬನ್ನಿ.

ಜೈ ಭೀಮ್.